ಬೆಟ್ಟ ಅಗೆದು ಇಲಿ ಹಿಡಿದ ಕಥೆ

ಲ್ಯಾಪ್‌ಟಾಪಿಗೆ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿ ಮುಗಿಸಿದೆ. ಸ್ಕ್ರೀನ್ ಚೆನ್ನಾಗಿ ಬಂತು, ವೈಫೈ ತಾನಾಗಿಯೇ ಸಿಕ್ಕಿತು, ಸ್ಪೀಕರಿನಿಂದ ಸದ್ದೂ ಬಂತು. ಇನ್ನೇನು ಎಲ್ಲ ಸರಿ ಅಂದುಕೊಂಡು ಟಚ್‌ಪ್ಯಾಡ್ ಮೇಲೆ ಬೆರಳಿಟ್ಟೆ. ಬಾಣ ಸ್ಕ್ರೀನಿನ ನಟ್ಟನಡುವೆ ನಿಂತಿತ್ತು. ಎಳೆದೆ. ಅಲ್ಲೇ ಇತ್ತು. ಬೆರಳನ್ನು ಅಂಗಿಗೆ ಒರೆಸಿಕೊಂಡು ಮತ್ತೆ ಎಳೆದೆ. ಒಂದೇ ಒಂದು ಸಲ ಬಾಣ ಸಣ್ಣಗೆ ನೆಗೆದು, ಒಂದಿಂಚು ಆಚೆ ಹೋಗಿ, ಮತ್ತೆ ಕಲ್ಲಾಯಿತು.

ಪೂರ್ತಿ ಸತ್ತಿದ್ದರೆ ಒಂದು ನಿರ್ಧಾರಕ್ಕೆ ಬರಬಹುದಿತ್ತು. ನಡುವೆ ಒಂದು ನೆಗೆತ ಅಂದರೆ ಏನರ್ಥ? ಒಳಗಿರುವವರಿಗೆ ನನ್ನ ಬೆರಳು ಕೇಳಿಸುತ್ತಿದೆ, ಆದರೆ ಸರಿಯಾಗಿ ಕೇಳಿಸುತ್ತಿಲ್ಲ. ಇಷ್ಟು ಆಗಲೇ ಹೊಳೆದಿದ್ದರೆ ನನ್ನ ಮೂರು ವಾರ ಉಳಿಯುತ್ತಿತ್ತು. ಹೊಳೆಯಲಿಲ್ಲ.

ಮೊದಲ ಎರಡು ದಿನ ಕೀಬೋರ್ಡಿನಲ್ಲೇ ಕಳೆದೆ. ಟ್ಯಾಬ್ ಒತ್ತು, ಟ್ಯಾಬ್ ಒತ್ತು, ಎಂಟರ್ ಒತ್ತು. ಕೆಲವು ವೆಬ್‌ಸೈಟುಗಳಲ್ಲಿ ಟ್ಯಾಬ್ ಒತ್ತುತ್ತಾ ಹೋದರೆ ನಾನು ಎಲ್ಲಿದ್ದೇನೆ ಅನ್ನೋದೇ ಕಾಣುವುದಿಲ್ಲ, ಯಾವುದೋ ಬಟನ್ ಸುತ್ತ ಬರಬೇಕಾದ ತೆಳು ಗೆರೆಯನ್ನು ಯಾರೋ ಅಂದಕ್ಕೆ ಅಡ್ಡ ಅಂತ ತೆಗೆದುಹಾಕಿರುತ್ತಾರೆ. ಮೌಸ್ ಹಿಡಿಯಲಾಗದವರು ದಿನವೂ ಇದನ್ನು ಅನುಭವಿಸುತ್ತಾರೆ, ನನಗೆ ಎರಡು ದಿನಕ್ಕೇ ಸಾಕಾಯಿತು. ಆಮೇಲೆ ಒಂದು ಯುಎಸ್‌ಬಿ ಮೌಸ್ ಚುಚ್ಚಿದೆ. ತಕ್ಷಣ ಬಾಣ ಓಡಿತು. ಅಂದರೆ ಬಾಣದ ತಪ್ಪಿಲ್ಲ, ಸ್ಕ್ರೀನಿನ ತಪ್ಪಿಲ್ಲ. ತಪ್ಪು ಬೆರಳಿನ ಕೆಳಗೆ ಎಲ್ಲೋ ಇದೆ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಬಾರದು ಅಂತ ಮೊದಲು ಸುಲಭದವನ್ನು ನೋಡಿದೆ. ಮೇಲಿನ ಸಾಲಿನ ಕೀಗಳಲ್ಲಿ ಟಚ್‌ಪ್ಯಾಡ್ ಚಿತ್ರವಿರುವ ಒಂದು ಕೀ ಇರುತ್ತದೆ ಅಲ್ವಾ, ಎಫ್‌ಎನ್ ಜೊತೆ ಒತ್ತಿದರೆ ಟಚ್‌ಪ್ಯಾಡ್ ಬಂದ್. ಅದಲ್ಲ. ಬಯಾಸ್ ಒಳಗೆ, ಅಂದರೆ ಲಿನಕ್ಸ್ ಏಳುವ ಮೊದಲೇ ಸಿಗುವ ಯಂತ್ರದ ಸೆಟ್ಟಿಂಗ್ಸ್ ಒಳಗೆ, ಹೋದೆ. ಕೆಲವು ಯಂತ್ರಗಳಲ್ಲಿ ಅಲ್ಲಿ ಬೇಸಿಕ್, ಅಡ್ವಾನ್ಸ್‌ಡ್ ಅಂತ ಎರಡು ಆಯ್ಕೆ ಇರುತ್ತವೆ, ಬೇಸಿಕ್ ಇಟ್ಟರೆ ಟಚ್‌ಪ್ಯಾಡ್ ಹಳೇ ಕಾಲದ ಮೌಸಿನಂತೆ ನಡೆದುಕೊಳ್ಳುತ್ತದೆ, ಎಷ್ಟೋ ಜನರ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ನನ್ನದರಲ್ಲಿ ಆ ಆಯ್ಕೆಯೇ ಇರಲಿಲ್ಲ.

ಇಲ್ಲಿಂದ ಮುಂದೆ ನಾನು ಮಾಡಿದ್ದು ಹೇಳಲು ನಾಚಿಕೆ. ಸಿಕ್ಕ ಸಿಕ್ಕ ಸಾಲನ್ನೆಲ್ಲ ಕಾಪಿ ಮಾಡಿ ಗ್ರಬ್ ಫೈಲಿಗೆ ಹಾಕತೊಡಗಿದೆ. ಗ್ರಬ್ ಅಂದರೆ ಲಿನಕ್ಸನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮ್. ಎಬ್ಬಿಸುವಾಗ ಕರ್ನಲ್ಲಿಗೆ, ಅಂದರೆ ಲಿನಕ್ಸಿನ ತಿರುಳಿಗೆ, ಏನಾದರೂ ಕಿವಿಮಾತು ಹೇಳಬೇಕಿದ್ದರೆ ಅಲ್ಲೇ ಹೇಳಬೇಕು. ಯಾರದೋ ಬೇರೆ ಲ್ಯಾಪ್‌ಟಾಪಿಗೆ, ಬೇರೆ ವರ್ಷದಲ್ಲಿ ಕೆಲಸ ಮಾಡಿದ್ದ ಐದಾರು ಕಿವಿಮಾತುಗಳನ್ನು ಒಟ್ಟಿಗೆ ಸೇರಿಸಿ ರೀಸ್ಟಾರ್ಟ್ ಮಾಡಿದೆ. ಲಾಗಿನ್ ಸ್ಕ್ರೀನ್ ಬಂತು. ಪಾಸ್‌ವರ್ಡ್ ಹೊಡೆದೆ. ಒಂದಕ್ಷರವೂ ಬೀಳಲಿಲ್ಲ. ಟಚ್‌ಪ್ಯಾಡ್ ಸರಿ ಮಾಡಲು ಹೋಗಿ ಕೀಬೋರ್ಡನ್ನೂ ಕಳೆದುಕೊಂಡಿದ್ದೆ! ಆ ಸಾಲಿನಲ್ಲಿ ಕೀಬೋರ್ಡ್ ನೋಡಿಕೊಳ್ಳುವ ಐ8042 ಅನ್ನುವ ಭಾಗದ ಹೆಸರಿನ ಪಕ್ಕ ನೋಕೆಬಿಡಿ ಅಂತ ಒಂದು ಪದವಿತ್ತು. ಕೀಬೋರ್ಡ್ ಬೇಡ ಅಂತ ಅದರ ಅರ್ಥ, ಓದಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ನಾನು ಓದಿರಲಿಲ್ಲ.

ಬಚಾವಾದದ್ದು ಹೇಗೆ ಅಂದರೆ, ಗ್ರಬ್ ಓಡುವಾಗ ಕರ್ನಲ್ ಇನ್ನೂ ಎದ್ದಿರುವುದಿಲ್ಲ, ಅಲ್ಲಿ ಕೀಗಳನ್ನು ಓದುವುದು ಯಂತ್ರದ ಸ್ವಂತ ಫರ್ಮ್‌ವೇರ್, ಅಂದರೆ ಚಿಪ್ಪಿನಲ್ಲೇ ಕೂತಿರುವ ಪ್ರೋಗ್ರಾಮ್. ಹಾಗಾಗಿ ಅಲ್ಲಿ ಕೀಬೋರ್ಡ್ ಜೀವಂತವಾಗಿತ್ತು. ಮೆನುವಿನಲ್ಲಿ 'ಇ' ಒತ್ತಿ, ಬಾಣದ ಕೀಯಿಂದ ಆ ಉದ್ದ ಸಾಲಿಗೆ ಇಳಿದು, ನಾನೇ ತುಂಬಿದ ಕಸವನ್ನು ಒಂದೊಂದೇ ಅಕ್ಷರ ಅಳಿಸಿದೆ. ಅವತ್ತಿನಿಂದ ಒಂದು ನಿಯಮ ಹಾಕಿಕೊಂಡೆ: ಅರ್ಥವಾಗದ ಸಾಲನ್ನು ಯಂತ್ರಕ್ಕೆ ಹಾಕುವುದಿಲ್ಲ. ಮೊದಲು ಅದು ಏನು ಮಾಡುತ್ತೆ ಅಂತ ಓದಬೇಕು. ನಿಧಾನವಾದರೂ ಪರವಾಗಿಲ್ಲ.

ಓದತೊಡಗಿದ ಮೇಲೆ ವಿಷಯ ಬೇರೆಯದೇ ರೀತಿ ಕಾಣಿಸಿತು. ಬೆರಳಿಗೂ ಬಾಣಕ್ಕೂ ನಡುವೆ ನೇರ ದಾರಿ ಇದೆ ಅಂದುಕೊಂಡಿದ್ದೆ. ಇಲ್ಲ. ಅಂಚೆಯಂತೆ ಅದು ಕೈಯಿಂದ ಕೈಗೆ ದಾಟುತ್ತದೆ. ಟಚ್‌ಪ್ಯಾಡಿನ ಹಾಳೆಯ ಕೆಳಗೆ ಅಡ್ಡಕ್ಕೂ ಉದ್ದಕ್ಕೂ ತಂತಿಗಳ ಜಾಲವಿದೆ. ಬೆರಳು ಹತ್ತಿರ ಬಂದರೆ ಅಲ್ಲಿನ ವಿದ್ಯುತ್ ಧಾರಣೆ ಚೂರು ಬದಲಾಗುತ್ತದೆ, ಒಳಗಿನ ಚಿಪ್ ಅದನ್ನು ಅಳೆದು ಬೆರಳು ಇಂಥ ಕಡೆ ಇದೆ ಅಂತ ಲೆಕ್ಕ ಹಾಕುತ್ತದೆ. ಒತ್ತಬೇಕಿಲ್ಲ, ಚರ್ಮ ಹತ್ತಿರವಿದ್ದರೆ ಸಾಕು. ಪೆನ್ನಿನ ಪ್ಲಾಸ್ಟಿಕ್ ತುದಿಯಿಂದ ಎಳೆದರೆ ಏನೂ ಆಗದಿರುವುದು ಇದಕ್ಕೇ. ಚಿಪ್ಪಿನಿಂದ ಸುದ್ದಿ ಕರ್ನಲ್ಲಿಗೆ, ಕರ್ನಲ್ಲಿನಿಂದ ಲಿಬ್‌ಇನ್‌ಪುಟ್ ಅನ್ನುವ ಲೈಬ್ರರಿಗೆ, ಅಲ್ಲಿಂದ ಡೆಸ್ಕ್‌ಟಾಪಿಗೆ, ಕೊನೆಗೆ ಬಾಣಕ್ಕೆ. ಎಲ್ಲೋ ಒಂದು ಕೈ ಸುದ್ದಿಯನ್ನು ನುಂಗುತ್ತಿದೆ. ಯಾವ ಕೈ ಅಂತ ಹಿಡಿದರೆ ಅರ್ಧ ಕೆಲಸ ಮುಗಿದಂತೆ.

ಈ ಅಂಚೆ ಇಷ್ಟು ಗೋಜಲಾಗಲು ಹಳೇ ಕಥೆಯೊಂದಿದೆ. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರುಗಳ ಜೊತೆ ಮೌಸಿಗೆ ಒಂದು ಗುಂಡನೆಯ ಕಿಂಡಿ ತಂದಿತು. ಆ ಮೌಸ್ ಮಾತಾಡುತ್ತಿದ್ದುದು ಮೂರು ಬೈಟುಗಳಲ್ಲಿ: ಯಾವ ಬಟನ್ ಒತ್ತಿದೆ, ಅಡ್ಡಕ್ಕೆ ಎಷ್ಟು ಸರಿದಿದೆ, ಉದ್ದಕ್ಕೆ ಎಷ್ಟು ಸರಿದಿದೆ. ಅಷ್ಟೇ. ಲ್ಯಾಪ್‌ಟಾಪುಗಳಿಗೆ ಟಚ್‌ಪ್ಯಾಡ್ ಬಂದಾಗ ಹೊಸ ಭಾಷೆ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಅದು 'ನಾನೂ ಒಂದು ಮೌಸ್' ಅಂತ ಸುಳ್ಳು ಹೇಳಿಕೊಂಡು ಅದೇ ಕಿಂಡಿಯಲ್ಲಿ ನುಸುಳಿತು. ಆದರೆ ಮೂರು ಬೈಟಿನಲ್ಲಿ ಎರಡು ಬೆರಳು ಇದೆ ಅಂತ ಹೇಳುವುದು ಹೇಗೆ? ಇಂಥ ಕಡೆ ಇಟ್ಟಿದ್ದಾರೆ ಅಂತ ಹೇಳುವುದು ಹೇಗೆ? ಸಿನಾಪ್ಟಿಕ್ಸ್ ಕಂಪನಿ ಇದಕ್ಕೆ ಮಾಡಿದ ಉಪಾಯ ಓದಿ ನಗು ಬಂತು. ಮೌಸಿಗೆ 'ರೆಸಲ್ಯೂಷನ್ ಬದಲಿಸು' ಅಂತ ಒಂದು ಸಾಮಾನ್ಯ ಆದೇಶ ಇತ್ತು. ಡ್ರೈವರ್, ಅಂದರೆ ಸಾಧನದ ಜೊತೆ ಮಾತಾಡುವ ಪ್ರೋಗ್ರಾಮ್, ಆ ಆದೇಶವನ್ನು ಸಾಲಾಗಿ ನಾಲ್ಕು ಸಲ ಕಳಿಸುತ್ತದೆ, ಒಂದೊಂದರಲ್ಲಿ ಎರಡೆರಡು ಬಿಟ್ ಅಡಗಿಸಿ. ಮಾಮೂಲಿ ಮೌಸಿಗೆ ಇದು ತಲೆಹರಟೆ ಅಷ್ಟೇ. ಟಚ್‌ಪ್ಯಾಡಿಗೆ ಮಾತ್ರ ಅದು ಗುಟ್ಟಿನ ಬಡಿತ, 'ಓ, ನಮ್ಮವರು' ಅಂತ ಬಾಗಿಲು ತೆಗೆದು ತನ್ನ ನಿಜರೂಪ ತೋರಿಸುತ್ತದೆ. ಅಂದಹಾಗೆ ಆ ಕಂಪನಿಯನ್ನು 1986ರಲ್ಲಿ ಕಟ್ಟಿದವರಲ್ಲಿ ಒಬ್ಬರು ಫೆಡೆರಿಕೊ ಫ್ಯಾಜಿನ್, ಇಂಟೆಲಿನ ಮೊದಲ ಮೈಕ್ರೋಪ್ರೊಸೆಸರ್ 4004 ಮಾಡಿದ ತಂಡದವರು. ಶುರುವಿನಲ್ಲಿ ಅವರ ಕನಸು ಮಿದುಳಿನ ನರಗಳಂತೆ ಕೆಲಸ ಮಾಡುವ ಚಿಪ್‌ಗಳು, ಕಂಪನಿಯ ಹೆಸರೂ ಅಲ್ಲಿಂದಲೇ ಬಂದದ್ದು. ಕೊನೆಗೆ ಹೆಸರಾದದ್ದು ಬೆರಳಿನ ಕೆಳಗಿನ ಈ ಚೌಕದಿಂದ.

ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಮೌಸ್ ವೇಷ ಹೆಚ್ಚಾಗಿ ಬಿಟ್ಟುಹೋಗಿದೆ. ನನ್ನದರಲ್ಲೂ ಇರಲಿಲ್ಲ. ಈಗಿನವು ಐ2ಸಿ ಅನ್ನುವ ದಾರಿಯಲ್ಲಿ ಮಾತಾಡುತ್ತವೆ. ಅದು ಫಿಲಿಪ್ಸ್ ಕಂಪನಿ 1982ರಲ್ಲಿ ತಂದದ್ದು, ಎರಡೇ ತಂತಿ, ಒಂದರಲ್ಲಿ ಸುದ್ದಿ, ಇನ್ನೊಂದರಲ್ಲಿ ತಾಳ. ಇದರಲ್ಲಿ ಒಂದು ತೊಡಕಿದೆ. ಈ ತಂತಿಯ ಮೇಲೆ ಟಚ್‌ಪ್ಯಾಡ್ ತಾನಾಗಿ ಬಾಯಿ ಬಿಡುವ ಹಾಗಿಲ್ಲ, ಕೇಳಿದರೆ ಮಾತ್ರ ಹೇಳಬೇಕು. ಹಾಗಾದರೆ ಬೆರಳು ಬಂದಿದೆ ಅಂತ ಕರ್ನಲ್ಲಿಗೆ ತಿಳಿಯುವುದು ಹೇಗೆ? ಅದಕ್ಕೆಂದೇ ಮೂರನೇ ತಂತಿಯೊಂದಿದೆ, ಬಾಗಿಲು ಬಡಿಯಲು. ಟಚ್‌ಪ್ಯಾಡ್ ಬಡಿಯುತ್ತದೆ, ಕರ್ನಲ್ ಎದ್ದು ಬಂದು ಏನಪ್ಪಾ ಅಂತ ಕೇಳುತ್ತದೆ, ಆಮೇಲೆ ಮಾತು. ಈ ಬಡಿತಕ್ಕೆ ಇಂಟರಪ್ಟ್ ಅನ್ನುತ್ತಾರೆ. ಯಾವ ತಂತಿ, ಯಾವ ವಿಳಾಸ, ಹೇಗೆ ಬಡಿಯುತ್ತದೆ ಅನ್ನುವುದೆಲ್ಲ ಫರ್ಮ್‌ವೇರಿನೊಳಗಿನ ಎಸಿಪಿಐ ಪಟ್ಟಿಗಳಲ್ಲಿ ಬರೆದಿರುತ್ತದೆ.

ಆ ಪಟ್ಟಿಗಳನ್ನು ಬರೆಯುವವರು ಸಾಮಾನ್ಯವಾಗಿ ಒಂದೇ ಆಪರೇಟಿಂಗ್ ಸಿಸ್ಟಮ್ ಮೇಲೆ ಪರೀಕ್ಷೆ ಮಾಡಿ ಕೈತೊಳೆದುಕೊಳ್ಳುತ್ತಾರೆ. ಅದು ಎಷ್ಟರಮಟ್ಟಿಗೆ ಅಂದರೆ, ಫರ್ಮ್‌ವೇರ್ 'ನೀನು ವಿಂಡೋಸಾ?' ಅಂತ ಕೇಳಿದಾಗ ಲಿನಕ್ಸ್ ಕರ್ನಲ್ ಸಂಕೋಚವಿಲ್ಲದೆ 'ಹೌದು' ಅನ್ನುತ್ತದೆ. 'ಲಿನಕ್ಸಾ?' ಅಂತ ಕೇಳಿದರೆ 'ಅಲ್ಲ' ಅನ್ನುತ್ತದೆ. ನಿಜ ಹೇಳಿದರೆ ಯಾರೂ ಪರೀಕ್ಷಿಸದ ದಾರಿಗೆ ಬೀಳಬೇಕಾಗುತ್ತದೆ ಅನ್ನುವ ಅನುಭವದಿಂದ ಬಂದ ಸುಳ್ಳು ಅದು. ಟಚ್‌ಪ್ಯಾಡ್ ಮೌಸ್ ಅಂತ ಸುಳ್ಳು ಹೇಳಿತ್ತು, ಇಲ್ಲಿ ಕರ್ನಲ್ ತಾನು ಬೇರೆ ಯಾರೋ ಅನ್ನುತ್ತದೆ. ಇಷ್ಟರ ನಡುವೆ ಬಾಣ ಓಡುವುದೇ ದೊಡ್ಡದು ಅನ್ನಿಸುತ್ತದೆ ಒಮ್ಮೊಮ್ಮೆ.

ಸರಿ, ನುಂಗುವ ಕೈ ಯಾವುದು? ಒಂದು ಕಡೆಯಿಂದ ಶುರು ಮಾಡಿದೆ. ಕರ್ನಲ್ ತನ್ನ ಪಾಡಿಗೆ ಬರೆದಿಟ್ಟ ದಿನಚರಿಯಲ್ಲಿ ಟಚ್‌ಪ್ಯಾಡಿನ ಹೆಸರಿತ್ತು, ಅಂದರೆ ಗುರುತು ಸಿಕ್ಕಿದೆ. ಲಿಬ್‌ಇನ್‌ಪುಟ್ ಕೊಡುವ ಪಟ್ಟಿಯಲ್ಲೂ ಇತ್ತು. ಆಮೇಲೆ ಇವಿಟೆಸ್ಟ್ ಅನ್ನುವ ಪುಟ್ಟ ಪ್ರೋಗ್ರಾಮ್ ಓಡಿಸಿದೆ. ಕರ್ನಲ್ಲಿನಿಂದ ಹೊರಬರುವ ಪ್ರತಿಯೊಂದು ಸುದ್ದಿಯನ್ನೂ ಅದು ಸಾಲು ಸಾಲಾಗಿ ತೋರಿಸುತ್ತದೆ. ಬೆರಳಿಟ್ಟು ಎಳೆದೆ. ಏನಿಲ್ಲ. ಎಳೆಯುತ್ತಲೇ ಇದ್ದೆ. ಒಂದು ಗೊಂಚಲು ಸಾಲು ಬಂದು ನಿಂತಿತು. ಮತ್ತೆ ಏನಿಲ್ಲ. ಅಂದರೆ ಲಿಬ್‌ಇನ್‌ಪುಟ್, ಡೆಸ್ಕ್‌ಟಾಪ್ ಎಲ್ಲ ನಿರಪರಾಧಿಗಳು, ನಾನು ವಾರಗಟ್ಟಲೆ ತಿರುಚಿದ ಸೆಟ್ಟಿಂಗ್ಸ್ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕೊನೆಗೆ ನೋಡಿದ್ದು ಬಡಿತದ ಲೆಕ್ಕ. ಯಾವ ಸಾಧನ ಎಷ್ಟು ಸಲ ಬಾಗಿಲು ಬಡಿದಿದೆ ಅಂತ ಕರ್ನಲ್ ಒಂದು ಪಟ್ಟಿಯಲ್ಲಿ ಎಣಿಸಿಡುತ್ತದೆ. ಆ ಪಟ್ಟಿಯನ್ನು ಸೆಕೆಂಡಿಗೊಮ್ಮೆ ಹೊಸದಾಗಿ ತೋರಿಸುವಂತೆ ಮಾಡಿ, ಟಚ್‌ಪ್ಯಾಡಿನ ಸಾಲಿನ ಮೇಲೆ ಕಣ್ಣಿಟ್ಟು, ಬೆರಳಲ್ಲಿ ಗರಗರ ವೃತ್ತ ಎಳೆದೆ. ಸರಿಯಾಗಿರುವ ಟಚ್‌ಪ್ಯಾಡಿನಲ್ಲಿ ಈ ಅಂಕಿ ಸೆಕೆಂಡಿಗೆ ನೂರರ ಆಸುಪಾಸು ಏರಬೇಕು. ನನ್ನದು ಬೆರಳೆಣಿಕೆಯಲ್ಲಿ ಏರುತ್ತಿತ್ತು, ಕೆಲವೊಮ್ಮೆ ಏರುತ್ತಲೇ ಇರಲಿಲ್ಲ. ಮೊದಲ ದಿನ ಕಂಡ ಆ ಒಂದಿಂಚಿನ ನೆಗೆತ ಇದೇ. ಟಚ್‌ಪ್ಯಾಡ್ ಬಡಿಯುತ್ತಿತ್ತು, ಹತ್ತರಲ್ಲಿ ಒಂಬತ್ತು ಬಡಿತ ಒಳಗೆ ಕೇಳಿಸುತ್ತಿರಲಿಲ್ಲ. ರಾತ್ರಿ ಎಷ್ಟು ಹೊತ್ತಾಗಿತ್ತೋ, ಕುರ್ಚಿಯಿಂದ ಎದ್ದು ಎರಡು ಸುತ್ತು ಹಾಕಿ ಬಂದೆ. ಇನ್ನೂ ಏನೂ ಸರಿಯಾಗಿರಲಿಲ್ಲ, ಆದರೂ ಅವತ್ತು ಆದಷ್ಟು ಖುಷಿ ಆಮೇಲೆ ಸರಿಯಾದಾಗಲೂ ಆಗಲಿಲ್ಲ.

ಇದು ನನ್ನೊಬ್ಬನ ಪಾಡಲ್ಲ ಅಂತ ಗೊತ್ತಾಗಿದ್ದು ಆಮೇಲೆ. 2020ರಲ್ಲಿ ಎಎಂಡಿ ಪ್ರೊಸೆಸರಿನ ಕೆಲವು ಲ್ಯಾಪ್‌ಟಾಪುಗಳಿಗೆ ಇದೇ ಕಾಯಿಲೆ ಇತ್ತು. ಕಾರಣ ಡಿಬೌನ್ಸ್ ಫಿಲ್ಟರ್. ಮಾಮೂಲಿ ಬಟನ್ ಒತ್ತಿದಾಗ ಲೋಹಕ್ಕೆ ಲೋಹ ತಾಗಿ ಕೆಲವು ಮಿಲಿಸೆಕೆಂಡು ಅದುರುತ್ತದೆ, ಒಂದು ಒತ್ತು ಹತ್ತು ಒತ್ತಿನಂತೆ ಕಾಣುತ್ತದೆ. ಹಾಗಾಗದಿರಲಿ ಅಂತ ಹತ್ತಿರ ಹತ್ತಿರದ ಬಡಿತಗಳನ್ನು ಒಂದೇ ಅಂತ ಎಣಿಸುವ ಒಂದು ಜರಡಿ ಇಡುತ್ತಾರೆ. ಬಟನ್ನಿಗೆ ಅದು ಸರಿ. ಸೆಕೆಂಡಿಗೆ ನೂರು ಸಲ ಬಡಿಯುವ ಟಚ್‌ಪ್ಯಾಡಿನ ತಂತಿಗೂ ಕರ್ನಲ್ಲಿನ ಡ್ರೈವರ್ ಅದೇ ಜರಡಿ ಹಾಕುತ್ತಿತ್ತು. ಅದು ಪತ್ತೆಯಾಗುವ ತನಕ ಜನ ಬಡಿತಕ್ಕೆ ಕಾಯುವುದನ್ನೇ ಬಿಟ್ಟು, 'ಬೆರಳು ಬಂತಾ, ಬಂತಾ' ಅಂತ ಪದೇ ಪದೇ ಕೇಳುವ ಬದಲಿ ವ್ಯವಸ್ಥೆ ಮಾಡಿಕೊಂಡಿದ್ದರು. ಕೆಲಸ ಆಗುತ್ತಿತ್ತು, ಬ್ಯಾಟರಿ ಜಾಸ್ತಿ ತಿನ್ನುತ್ತಿತ್ತು. ಕೊನೆಗೆ ಡ್ರೈವರಿನಿಂದ ಆ ಜರಡಿಯ ಕೆಲವು ಸಾಲುಗಳನ್ನೇ ತೆಗೆದರು. ಹೊಸದೇನೂ ಸೇರಿಸಲಿಲ್ಲ, ಇದ್ದದ್ದನ್ನು ಅಳಿಸಿದರು. ನನ್ನ ಲಿನಕ್ಸಿನಲ್ಲಿದ್ದುದು ಅದಕ್ಕಿಂತ ಹಳೇ ಕರ್ನಲ್. ಹೊಸದು ಹಾಕಿ ರೀಸ್ಟಾರ್ಟ್ ಮಾಡಿದೆ, ಬೆರಳಿಟ್ಟೆ, ಬಾಣ ಎಣ್ಣೆ ಹಚ್ಚಿದಂತೆ ಜಾರಿತು. ಮೂರು ವಾರದ ಹುಡುಕಾಟ, ಹತ್ತು ನಿಮಿಷದ ಮದ್ದು.

ಅವತ್ತು ಇವಿಟೆಸ್ಟನ್ನು ಮತ್ತೊಮ್ಮೆ ಓಡಿಸಿದೆ, ಸುಮ್ನೆ. ಟಚ್‌ಪ್ಯಾಡ್ ಮೇಲೆ ನಿಧಾನಕ್ಕೆ 'ಕ' ಬರೆದೆ. ಸ್ಕ್ರೀನ್ ತುಂಬ ಸಾಲುಗಳು ಹರಿದವು: ಬೆರಳಿಗೊಂದು ನಂಬರು ಕೊಟ್ಟರು, ಅಡ್ಡದ ಅಂಕಿ ಏರಿತು, ಇಳಿಯಿತು, ಉದ್ದದ ಅಂಕಿ ತಿರುಗಿತು, ಬೆರಳೆತ್ತಿದ ಕೂಡಲೇ ಆ ನಂಬರಿನ ಜಾಗದಲ್ಲಿ ಮೈನಸ್ 1. ಒಂದು ಅಕ್ಷರಕ್ಕೆ ನೂರಾರು ಸಾಲು.

ಬಾಣ ಓಡಿತು, ಕಥೆ ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಓಡುವುದು ಬೇರೆ, ಕೈಗೆ ಒಗ್ಗುವುದು ಬೇರೆ. ಟಚ್‌ಪ್ಯಾಡ್ ತಟ್ಟಿದರೆ ಕ್ಲಿಕ್ ಆಗುತ್ತಿರಲಿಲ್ಲ, ಒತ್ತಿಯೇ ಕ್ಲಿಕ್ ಮಾಡಬೇಕಿತ್ತು. ಕೆಟ್ಟಿದೆ ಅಂದುಕೊಂಡೆ. ಕೆಟ್ಟಿಲ್ಲ, ಬೇಕಂತಲೇ ಹಾಗಿಟ್ಟಿದ್ದಾರೆ. ಒತ್ತುವ ಬಟನ್ ಇರುವ ಟಚ್‌ಪ್ಯಾಡುಗಳಲ್ಲಿ ಲಿಬ್‌ಇನ್‌ಪುಟ್ ತಟ್ಟುವಿಕೆಯನ್ನು ಮೊದಲಿಗೆ ಆಫ್ ಇಡುತ್ತದೆ. ತಟ್ಟುವಿಕೆ ಇದೆ ಅಂತ ಗೊತ್ತಿಲ್ಲದವರು ಬೆರಳು ತಾಗಿಸಿದ್ದಕ್ಕೆ ಏನೇನೋ ತೆರೆದುಕೊಂಡರೆ ಗಾಬರಿಯಾಗುತ್ತಾರೆ, ಬೇಕಾದವರಿಗೆ ಆನ್ ಮಾಡಿಕೊಳ್ಳುವುದು ಗೊತ್ತಿರುತ್ತದೆ ಅನ್ನುವುದು ಅವರ ವಾದ. ಮೊದಲು ಸಿಟ್ಟು ಬಂದಿತ್ತು, ಈಗ ಅವರದೇ ಸರಿ ಅನ್ನಿಸುತ್ತದೆ. ಆನ್ ಮಾಡಿದ ಎರಡನೇ ದಿನವೇ ಮೂರು ಬೆರಳು ಒಟ್ಟಿಗೆ ತಾಗಿ, ಲಿನಕ್ಸಿನಲ್ಲಿ ಅದು ಮೌಸಿನ ನಡುವಿನ ಬಟನ್, ಅಂದರೆ ಪೇಸ್ಟ್, ಆದ್ದರಿಂದ, ಮೊದಲು ಸೆಲೆಕ್ಟ್ ಮಾಡಿದ್ದ ಅರ್ಧ ಪುಟ ಬರಹ ಬರೆಯುತ್ತಿದ್ದ ಪತ್ರದ ಮಧ್ಯಕ್ಕೆ ಬಂದು ಬಿತ್ತು.

ಈ ತಟ್ಟುವಿಕೆಯನ್ನು ಆನ್ ಮಾಡಲೂ ಒಂದು ಸಂಜೆ ಹಿಡಿಯಿತು. ಹಳೇ ಸಲಹೆಯೊಂದನ್ನು ನಂಬಿ ಸ್ಕ್ರೀನಿನ ಮೇಲೆ ಎಲ್ಲ ತೋರಿಸುವ ಹಳೇ ವ್ಯವಸ್ಥೆಯಾದ ಎಕ್ಸ್‌ಆರ್ಗ್ ಫೋಲ್ಡರಿನಲ್ಲಿ ಫೈಲ್ ಬರೆದೆ, ಒಂದು ಉದ್ಧರಣ ಚಿಹ್ನೆ ಇಲ್ಲ ಅಂತ ಹತ್ತು ಸಲ ತಿದ್ದಿದೆ. ನನ್ನ ಡೆಸ್ಕ್‌ಟಾಪ್ ಓಡುತ್ತಿದ್ದುದು ಅದರ ಜಾಗಕ್ಕೆ ಬಂದ ವೇಲ್ಯಾಂಡ್ ಮೇಲೆ! ಅದು ಆ ಫೈಲನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅಲ್ಲಿ ಎಲ್ಲ ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್ ಒಳಗೇ, ಒಂದು ಸ್ವಿಚ್ ಸರಿಸಿದರೆ ಆಯಿತು. ಲಿಬ್‌ಇನ್‌ಪುಟ್ 1.0 ಬಂದದ್ದು 2015ರಲ್ಲಿ, ಅದಕ್ಕೂ ಹಿಂದಿನ ಸಿನಾಪ್ಟಿಕ್ಸ್ ಡ್ರೈವರ್ ಕಾಲದ ಸಲಹೆಗಳು ಇವತ್ತಿಗೂ ಎಲ್ಲೆಡೆ ಓಡಾಡಿಕೊಂಡಿವೆ. ಬರೆದವರು ತಪ್ಪು ಬರೆದಿಲ್ಲ, ಕಾಲ ಬದಲಾಗಿದೆ. ಓದುವಾಗ ವರ್ಷ ನೋಡಿ ಓದಿ, ದಯವಿಟ್ಟು.

ಇನ್ನೊಂದು ವಿಚಿತ್ರ. ಚಿತ್ರ ಬಿಡಿಸುವ ಪ್ರೋಗ್ರಾಮಿನಲ್ಲಿ ವೃತ್ತ ಎಳೆದರೆ ಮೊಟ್ಟೆ ಬರುತ್ತಿತ್ತು. ನನ್ನ ಕೈಯದೇ ಡೊಂಕು ಅಂತ ಕೆಲವು ದಿನ ಸುಮ್ಮನಿದ್ದೆ. ಆಮೇಲೆ ಒಂದು ಕಡೆ ಓದಿದೆ, ಟಚ್‌ಪ್ಯಾಡ್ ತನ್ನ ಅಳತೆಯನ್ನು ತಾನೇ ಹೇಳಬೇಕು, ಒಂದು ಮಿಲಿಮೀಟರಿಗೆ ಇಷ್ಟು ಅಂಕಿ ಅಂತ. ಅದು ತಪ್ಪು ಹೇಳಿದರೆ ಮೇಲೆ ಕೆಳಗೆ ಒಂದು ವೇಗ, ಆಚೆ ಈಚೆ ಇನ್ನೊಂದು ವೇಗ. ಅಡಿಪಟ್ಟಿ ತಂದು ಟಚ್‌ಪ್ಯಾಡ್ ಮೇಲಿಟ್ಟು ಅಗಲ ಎತ್ತರ ಅಳೆದೆ. ಲಿಬ್‌ಇನ್‌ಪುಟ್ ಜೊತೆ ಇದಕ್ಕೆಂದೇ ಒಂದು ಅಳೆಯುವ ಕಮಾಂಡ್ ಬರುತ್ತದೆ, ಮಿಲಿಮೀಟರಿನ ಲೆಕ್ಕ ಕೊಟ್ಟು, ಬೆರಳನ್ನು ನಾಲ್ಕೂ ಅಂಚಿಗೆ ತಾಗಿಸುತ್ತಾ ಸುತ್ತಿದರೆ ಸರಿಯಾದ ಅಂಕಿ ಹೇಳುತ್ತದೆ. ಅದನ್ನು ಹಾರ್ಡ್‌ವೇರ್ ಪಟ್ಟಿಯ ಫೈಲಿಗೆ ಸೇರಿಸಿದೆ. ವೃತ್ತ ವೃತ್ತವಾಯಿತು. ಕೈ ನೆಟ್ಟಗೇ ಇತ್ತು.

ಸ್ಕ್ರಾಲ್ ದಿಕ್ಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2011ರಲ್ಲಿ ಆಪಲ್ ತನ್ನ ಮ್ಯಾಕ್‌ಗಳಲ್ಲಿ ಅದನ್ನು ತಿರುಗಿಸಿ 'ನ್ಯಾಚುರಲ್' ಅಂತ ಹೆಸರಿಟ್ಟಿತು, ಅಲ್ಲಿಂದ ಜನ ಎರಡು ಪಂಗಡ. ನಾನು ತಿರುಗಿಸಿದವರ ಪಂಗಡ. ವಾದಕ್ಕೆ ಬರಬೇಡಿ.

ಟೈಪ್ ಮಾಡುವಾಗ ಅಂಗೈ ತಾಗಿ ಬಾಣ ಹಾರುವ ಕಾಟ ಮಾತ್ರ ಲಿಬ್‌ಇನ್‌ಪುಟ್ ತಾನೇ ನೋಡಿಕೊಂಡಿತು. ಕೀ ಒತ್ತುತ್ತಿರುವಾಗ ಅದು ಟಚ್‌ಪ್ಯಾಡಿಗೆ ಕಿವುಡಾಗುತ್ತದೆ, ಕೈ ನಿಂತ ಕ್ಷಣಹೊತ್ತಿಗೆ ಮತ್ತೆ ಕೇಳತೊಡಗುತ್ತದೆ. ಅಂದರೆ ಇಲ್ಲೂ ಒಬ್ಬರು ನನ್ನ ಬೆರಳಿನ ಸುದ್ದಿ ನುಂಗುತ್ತಿದ್ದಾರೆ, ಈ ಸಲ ನನ್ನ ಒಳ್ಳೆಯದಕ್ಕೆ. ತಟ್ಟಿದ್ದಾ ಎಳೆದದ್ದಾ ಅಂತ ತೀರ್ಮಾನಿಸಲು ಅದು ತೆಗೆದುಕೊಳ್ಳುವುದು 180 ಮಿಲಿಸೆಕೆಂಡು. ಅಷ್ಟರಲ್ಲಿ ಬೆರಳು ಎತ್ತಿದರೆ ಕ್ಲಿಕ್. ದಿನಕ್ಕೆ ಎಷ್ಟು ಸಾವಿರ ಸಲ ಈ ಪಂಚಾಯಿತಿ ನಡೆಯುತ್ತದೋ, ನಮಗೆ ಗೊತ್ತಾಗುವುದು ತೀರ್ಪು ತಪ್ಪಿದಾಗ ಮಾತ್ರ.

ಕೊನೆಯದಾಗಿ ಒಂದು ಉಳಿದಿತ್ತು. ಮುಚ್ಚಳ ಮುಚ್ಚಿ ತೆರೆದರೆ ಟಚ್‌ಪ್ಯಾಡ್ ನಿದ್ದೆಯಿಂದ ಏಳುತ್ತಿರಲಿಲ್ಲ. ಮಾಡ್‌ಪ್ರೋಬ್ ಕಮಾಂಡಿನಿಂದ ಅದರ ಡ್ರೈವರನ್ನು ಇಳಿಸಿ ಮತ್ತೆ ಏರಿಸಿದರೆ ಏಳುತ್ತಿತ್ತು. ಪ್ರತಿಸಲ ಅದನ್ನು ಹೊಡೆಯುವುದು ಯಾರು? ನಿದ್ದೆಯಿಂದ ಎದ್ದ ಕೂಡಲೇ ತಾನಾಗಿ ಓಡುವ ಹಾಗೆ ಐದು ಸಾಲಿನ ಸ್ಕ್ರಿಪ್ಟ್ ಬರೆದು, ಲಿನಕ್ಸಿನ ಹಿನ್ನೆಲೆ ಕೆಲಸಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯ ನಿದ್ದೆ ಫೋಲ್ಡರಿನಲ್ಲಿ ಇಟ್ಟೆ. ಅಲ್ಲಿಂದ ಕಾಟವಿಲ್ಲ.

ಆಮೇಲೆ ಕರ್ನಲ್ ಎಷ್ಟೋ ಸಲ ಹೊಸದಾಗಿದೆ. ಆ ಸ್ಕ್ರಿಪ್ಟ್ ಇಲ್ಲದೆಯೂ ಟಚ್‌ಪ್ಯಾಡ್ ಏಳಬಹುದು ಈಗ. ನಿನ್ನೆ ಅದನ್ನು ಅಳಿಸಿಬಿಡೋಣ ಅಂತ ಆ ಫೋಲ್ಡರಿಗೆ ಹೋದೆ. ಫೈಲಿನ ಹೆಸರು ಹೊಡೆದೆ, ಎಂಟರ್ ಮೇಲೆ ಬೆರಳಿಟ್ಟೆ. ಒಂದು ಗಳಿಗೆ ನೋಡಿದೆ. ಆಮೇಲೆ ಟರ್ಮಿನಲ್ ಮುಚ್ಚಿ, ಆ ಹಳೇ ಯುಎಸ್‌ಬಿ ಮೌಸ್ ಡ್ರಾಯರಿನಲ್ಲೇ ಇದೆಯಾ ಅಂತ ಒಮ್ಮೆ ತೆರೆದು ನೋಡಿಕೊಂಡೆ.